ಗೃಹಸಾಲ: ಜಾಹೀರಾತಿನ ಬಡ್ಡಿ ಒಂದು, ತೆರುವ ದರ ಮತ್ತೊಂದು

ಬೆಂಗಳೂರು: ಒಂದು ಬ್ಯಾಂಕು ಶೇ 8.50ರ ಬಡ್ಡಿಗೆ ಗೃಹಸಾಲ ಕೊಡುವುದಾಗಿ ಹೇಳುತ್ತದೆ. ಮತ್ತೊಂದು ಬ್ಯಾಂಕು ಶೇ 8.65 ಕೇಳುತ್ತದೆ. ಯಾವುದು ಅಗ್ಗ? ಮೊದಲನೆಯದೇ ಅಗ್ಗವೆಂದು ಬಹುತೇಕ ಮಂದಿ ಥಟ್ಟನೆ ಹೇಳಿಯಾರು. ಆದರೆ ಪ್ರೊಸೆಸಿಂಗ್ ಶುಲ್ಕ, ಕಾನೂನು ಅಭಿಪ್ರಾಯದ ವೆಚ್ಚ, ಆಸ್ತಿ ಮೌಲ್ಯಮಾಪನದ ಶುಲ್ಕ ಹಾಗೂ ಸಾಲದ ಜತೆಗೆ ಬರುವ ವಿಮೆಯ ಕಂತು ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಉತ್ತರ ಅನೇಕ ಸಲ ತಿರುಗಿಬೀಳುತ್ತದೆ.

ಎಲ್ಲ ವೆಚ್ಚಗಳನ್ನೂ ಒಳಗೊಂಡು ಸಾಲ ವರ್ಷಕ್ಕೆ ಶೇಕಡ ಎಷ್ಟು ದುಬಾರಿ ಎಂಬುದನ್ನು ಒಂದೇ ಅಂಕಿಯಲ್ಲಿ ತಿಳಿಸುವ ಅಳತೆಗೋಲಿಗೆ ವಾರ್ಷಿಕ ಶೇಕಡಾವಾರು ದರ ಎಂದು ಹೆಸರು. ಬ್ಯಾಂಕ್ ವಲಯದಲ್ಲಿ ಇದನ್ನು ಎಪಿಆರ್ ಎಂದೇ ಕರೆಯುತ್ತಾರೆ. ಇದನ್ನು ಸಾಲಗಾರರಿಗೆ ತಿಳಿಸುವುದು ಈಗ ಸಾಲ ನೀಡುವ ಸಂಸ್ಥೆಯ ಹೊಣೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಆರು ಕೋಶಗಳನ್ನು ತುಂಬಬಲ್ಲ ಯಾರೇ ಆದರೂ ಇದನ್ನು ಸ್ವತಃ ಲೆಕ್ಕ ಹಾಕಿ ಬ್ಯಾಂಕಿನ ಅಂಕಿಯೊಂದಿಗೆ ತಾಳೆ ನೋಡಬಹುದು.

ನಿಯಮ ಏನು ಹೇಳುತ್ತದೆ?

ಎಪಿಆರ್ ಎಂಬ ಕಲ್ಪನೆ ಕಾನೂನಿನ ರೂಪ ಪಡೆದು ಪ್ರಸಿದ್ಧವಾದದ್ದು ಅಮೆರಿಕದಲ್ಲಿ. ಸಾಲದ ನಿಜವಾದ ವೆಚ್ಚವನ್ನು ಎಲ್ಲ ಸಂಸ್ಥೆಗಳೂ ಒಂದೇ ಬಗೆಯಲ್ಲಿ ಘೋಷಿಸಬೇಕೆಂಬ ಕಾಯ್ದೆಗೆ ಅಲ್ಲಿ 1968ರಲ್ಲಿ ಅಂಗೀಕಾರ ದೊರೆತು, 1969ರ ಜುಲೈ 1ರಿಂದ ಜಾರಿಗೆ ಬಂದಿತು.

ಭಾರತದಲ್ಲಿ ಕಿರುಸಾಲ ಹಾಗೂ ಡಿಜಿಟಲ್ ಸಾಲಗಳಿಗೆ 2022ರಲ್ಲಿಯೇ ಇಂತಹ ನಿಯಮ ಬಂದಿತ್ತು. ಅದನ್ನು ಎಲ್ಲ ಚಿಲ್ಲರೆ ಸಾಲಗಳಿಗೂ ವಿಸ್ತರಿಸುವುದಾಗಿ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಏಪ್ರಿಲ್ 15ರಂದು ಸುತ್ತೋಲೆ ಹೊರಬಿತ್ತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಅವಧಿ ಸಾಲಗಳಿಗೆ, ಅಂದರೆ ಗೃಹಸಾಲಕ್ಕೂ, ಸಂಸ್ಥೆಗಳು 'ಪ್ರಮುಖ ಅಂಶಗಳ ಹೇಳಿಕೆ'ಯನ್ನು ನೀಡುವುದು ಕಡ್ಡಾಯವಾಯಿತು. ಬ್ಯಾಂಕಿನ ಸಿಬ್ಬಂದಿ ಇದನ್ನು ಕೆಎಫ್‌ಎಸ್ ಎನ್ನುತ್ತಾರೆ. ವಾಣಿಜ್ಯ ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳು, ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಹಾಗೂ ಗೃಹ ಹಣಕಾಸು ಕಂಪನಿಗಳು ಇದರ ವ್ಯಾಪ್ತಿಗೆ ಬರುತ್ತವೆ.

ಈ ಹೇಳಿಕೆಯ ಬಗ್ಗೆ ಸಾಲಗಾರರು ನೆನಪಿಡಬೇಕಾದ ಅಂಶಗಳು ಇಷ್ಟು:

* ಹೇಳಿಕೆಯು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಬೇಕೆಂದು ಕೇಳಲು ಇದೇ ಆಧಾರ.
* ಎಪಿಆರ್ ಅನ್ನು ಹೇಗೆ ಲೆಕ್ಕ ಹಾಕಲಾಗಿದೆ ಎಂಬ ವಿವರ ಪಟ್ಟಿ ಹಾಗೂ ಸಾಲ ತೀರುವವರೆಗಿನ ಕಂತುಗಳ ಪಟ್ಟಿ ಅದರ ಜತೆಗಿರಬೇಕು.
* ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಹೇಳಿಕೆ ಕೊಟ್ಟ ಬಳಿಕ ಕನಿಷ್ಠ ಮೂರು ಕೆಲಸದ ದಿನಗಳ ಕಾಲ ಆ ಷರತ್ತುಗಳಿಗೆ ಸಂಸ್ಥೆ ಬದ್ಧವಾಗಿರಬೇಕು. ಲೆಕ್ಕ ಹಾಕಿ ನೋಡಲು ಸಾಲಗಾರರಿಗೆ ದೊರೆಯುವ ಕಾಲಾವಕಾಶ ಇದು.
* ವಿಮೆ, ಕಾನೂನು ಶುಲ್ಕ ಮೊದಲಾದವನ್ನು ಮೂರನೆಯವರ ಪರವಾಗಿ ಸಂಸ್ಥೆಯೇ ವಸೂಲು ಮಾಡಿದರೆ ಅವೂ ಎಪಿಆರ್‌ನಲ್ಲಿ ಸೇರಬೇಕು.
* ಹೇಳಿಕೆಯಲ್ಲಿ ನಮೂದಿಸದ ಯಾವುದೇ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಸಾಲದ ಅವಧಿಯಲ್ಲಿ ಎಂದಿಗೂ ವಿಧಿಸುವಂತಿಲ್ಲ.

ಕಂತು ತಪ್ಪಿದಾಗ ಬೀಳುವ ದಂಡದಂತಹ, ಬಂದರೂ ಬರಬಹುದಾದ ಶುಲ್ಕಗಳು ಎಪಿಆರ್ ಲೆಕ್ಕದಲ್ಲಿ ಸೇರುವುದಿಲ್ಲ. ಅವನ್ನು ಹೇಳಿಕೆಯಲ್ಲಿ ಪ್ರತ್ಯೇಕವಾಗಿ ತಿಳಿಸಬೇಕು.

ಕೈಗೆ ಬರುವ ಹಣ ಎಷ್ಟು?

ಎಪಿಆರ್‌ನ ತಿರುಳು ಸರಳವಾದುದು. ಸಾಲಗಾರರು 40 ಲಕ್ಷ ರೂಪಾಯಿ ಸಾಲಕ್ಕೆ ಸಹಿ ಹಾಕುತ್ತಾರೆ. ಮಾಸಿಕ ಕಂತು ನಿಗದಿಯಾಗುವುದು 40 ಲಕ್ಷದ ಮೇಲೆ. ಆದರೆ ಅದೇ ಹೊತ್ತಿಗೆ ವಿವಿಧ ಶುಲ್ಕಗಳ ರೂಪದಲ್ಲಿ ಒಂದಿಷ್ಟು ಹಣ ಹಿಂದಕ್ಕೆ ಹೋಗುತ್ತದೆ. ಮನೆ ಕೊಳ್ಳಲು ನಿಜವಾಗಿ ಉಳಿಯುವುದು ಅದಕ್ಕಿಂತ ಕಡಿಮೆ. ಈ ಕಡಿಮೆ ಮೊತ್ತವನ್ನೇ ಅಸಲು ಎಂದುಕೊಂಡರೆ, ಅಷ್ಟೇ ಕಂತು ಕಟ್ಟುವಾಗ ತಗಲುವ ಬಡ್ಡಿದರ ಯಾವುದು? ಆ ಪ್ರಶ್ನೆಗೆ ಉತ್ತರವೇ ಎಪಿಆರ್.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ಸಾಲ 40 ಲಕ್ಷ ರೂಪಾಯಿ, ಅವಧಿ 20 ವರ್ಷ, ಬಡ್ಡಿ ಶೇ 8.50. ಮೊದಲ ಸಂಸ್ಥೆಯ ಶುಲ್ಕಗಳು ಹೀಗಿವೆ ಎಂದುಕೊಳ್ಳೋಣ:

* ಪ್ರೊಸೆಸಿಂಗ್ ಶುಲ್ಕ ಸಾಲದ ಶೇ 0.50, ಅಂದರೆ 20,000 ರೂ. ಅದರ ಮೇಲೆ ಶೇ 18ರ ಜಿಎಸ್‌ಟಿ 3,600 ರೂ. ಒಟ್ಟು 23,600 ರೂ.
* ಕಾನೂನು ಅಭಿಪ್ರಾಯ ಮತ್ತು ಆಸ್ತಿ ಮೌಲ್ಯಮಾಪನ 11,400 ರೂ.
* ದಾಖಲೆಪತ್ರಗಳ ವೆಚ್ಚ 5,000 ರೂ.
* ಸಾಲಗಾರ ಮೃತಪಟ್ಟರೆ ಸಾಲ ತೀರಿಸುವ ವಿಮೆಗೆ ಒಂದೇ ಕಂತಿನ ಪ್ರೀಮಿಯಂ 1,00,000 ರೂ.

ಒಟ್ಟು ಶುಲ್ಕ 1,40,000 ರೂ. ಕೈಗೆ ಬರುವ ನಿವ್ವಳ ಮೊತ್ತ 38,60,000 ರೂ.

ಎರಡನೆಯ ಸಂಸ್ಥೆ ಶೇ 8.65 ಬಡ್ಡಿ ಕೇಳುತ್ತದೆ. ವಿಮೆಯನ್ನು ಜತೆಗೂಡಿಸುವುದಿಲ್ಲ. ಅದರ ಎಲ್ಲ ಶುಲ್ಕಗಳೂ ಸೇರಿ 15,000 ರೂ. ಮಾತ್ರ.

ಆರು ಕೋಶಗಳ ಲೆಕ್ಕ

ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್, ಈ ಮೂರರಲ್ಲಿ ಯಾವುದನ್ನು ಬಳಸಿದರೂ ವಿಧಾನ ಒಂದೇ. ಹೊಸ ಹಾಳೆಯ ಎ ಸಾಲಿನಲ್ಲಿ ವಿವರಗಳನ್ನು ಬರೆದುಕೊಂಡು, ಬಿ ಸಾಲಿನಲ್ಲಿ ಅಂಕಿಗಳನ್ನು ತುಂಬಬೇಕು. ಇಲ್ಲಿ ಫಾರ್ಮುಲಾಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. 'ಪಿಎಂಟಿ' ಎಂದರೆ ಪಿ, ಎಂ, ಟಿ ಎಂಬ ಮೂರು ಅಕ್ಷರಗಳು. 'ರೇಟ್' ಎಂದರೆ ಆರ್, ಎ, ಟಿ, ಇ ಎಂಬ ನಾಲ್ಕು ಅಕ್ಷರಗಳು.

ಬಿ1: ಸಾಲದ ಮೊತ್ತ, 4000000
ಬಿ2: ವಾರ್ಷಿಕ ಬಡ್ಡಿ, 8.5%
ಬಿ3: ತಿಂಗಳುಗಳ ಸಂಖ್ಯೆ, 240
ಬಿ4: ಒಟ್ಟು ಶುಲ್ಕ, 140000
ಬಿ5: ಮಾಸಿಕ ಕಂತು, =ಪಿಎಂಟಿ(ಬಿ2/12,ಬಿ3,-ಬಿ1)
ಬಿ6: ಎಪಿಆರ್, =ರೇಟ್(ಬಿ3,-ಬಿ5,ಬಿ1-ಬಿ4)*12

ಬಿ5ರಲ್ಲಿ 34,712.93 ಎಂದು ಬರುತ್ತದೆ. ಇದು ತಿಂಗಳ ಕಂತು. ಬಿ6ರಲ್ಲಿ ಶೇ 8.99 ಬರುತ್ತದೆ. ಶೇ 8.50 ಎಂದು ಜಾಹೀರಾತಿನಲ್ಲಿ ಕಂಡ ಸಾಲದ ನಿಜ ದರ ಇದು.

ಈಗ ಬಿ2ರಲ್ಲಿ 8.65% ಎಂದೂ ಬಿ4ರಲ್ಲಿ 15000 ಎಂದೂ ಬದಲಾಯಿಸಿದರೆ ಎರಡನೆಯ ಸಂಸ್ಥೆಯ ಲೆಕ್ಕ ಸಿಗುತ್ತದೆ. ಕಂತು 35,093.61 ರೂ., ಎಪಿಆರ್ ಶೇ 8.70. ತಿಂಗಳ ಕಂತು 381 ರೂಪಾಯಿ ಹೆಚ್ಚಿದ್ದರೂ ಒಟ್ಟಾರೆ ಇದೇ ಅಗ್ಗ. ಬರಿಯ ಕೂಡುವ ಲೆಕ್ಕದಲ್ಲೂ ಇದು ಕಾಣುತ್ತದೆ. 20 ವರ್ಷಗಳ ಕಂತು ಮತ್ತು ಶುಲ್ಕ ಸೇರಿ ಮೊದಲ ಸಂಸ್ಥೆಗೆ ಸುಮಾರು 84.71 ಲಕ್ಷ ರೂ. ಸಂದಾಯವಾದರೆ, ಎರಡನೆಯದಕ್ಕೆ ಸುಮಾರು 84.37 ಲಕ್ಷ ರೂ. ಆಗುತ್ತದೆ.

ಫಾರ್ಮುಲಾ ಒಳಗೆ ನಡೆಯುವುದೇನು?

ಮಾಸಿಕ ಕಂತನ್ನು ಕಂಡುಹಿಡಿಯಲು ನೇರವಾದ ಸೂತ್ರವಿದೆ. ಆದರೆ ಕಂತು ಗೊತ್ತಿದ್ದು ದರ ಗೊತ್ತಿಲ್ಲದಿದ್ದಾಗ ಅಂತಹ ನೇರ ಸೂತ್ರ ಸಿಗದು. ಹೀಗಾಗಿ ಕಂಪ್ಯೂಟರು ಒಂದು ದರವನ್ನು ಊಹಿಸಿ, ಲೆಕ್ಕ ಹಾಕಿ, ವ್ಯತ್ಯಾಸ ನೋಡಿ, ಊಹೆಯನ್ನು ತಿದ್ದುತ್ತಾ ಹೋಗುತ್ತದೆ. ಅಂತರ ಲೆಕ್ಕಕ್ಕೆ ಬಾರದಷ್ಟು ಕಡಿಮೆಯಾದಾಗ ನಿಲ್ಲುತ್ತದೆ.

ಇದನ್ನೇ ಕೈಲೆಕ್ಕದಲ್ಲೂ ಮಾಡಿ ನೋಡಬಹುದು. ನಿವ್ವಳ ಮೊತ್ತವಾದ 38.60 ಲಕ್ಷಕ್ಕೆ ಶೇ 8.50ರಂತೆ ಕಂತು 33,498 ರೂ. ಆಗುತ್ತದೆ. ಸಾಲಗಾರರು ಕಟ್ಟುತ್ತಿರುವುದು 34,713 ರೂ. ಎಂದ ಮೇಲೆ ದರ ಇನ್ನೂ ಮೇಲಿರಬೇಕು. ಶೇ 9ರಂತೆ ನೋಡಿದರೆ ಕಂತು 34,729 ರೂ. ಆಗುತ್ತದೆ. ಇದು 16 ರೂಪಾಯಿ ಹೆಚ್ಚಾಯಿತು. ಅಂದರೆ ಉತ್ತರ ಶೇ 9ಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ. 'ರೇಟ್' ಫಾರ್ಮುಲಾ ತೋರಿಸುವುದೂ ಅದನ್ನೇ.

ಫಾರ್ಮುಲಾ ಕೊಡುವುದು ತಿಂಗಳ ದರವನ್ನು. ಅದನ್ನು ವರ್ಷದ ದರವಾಗಿಸಲು 12ರಿಂದ ಗುಣಿಸಲಾಗಿದೆ.

ಲೆಕ್ಕ ಸರಿಯೇ ಎಂದು ನೋಡುವ ಬಗೆ

ತಮ್ಮ ಹಾಳೆ ಸರಿಯಾಗಿದೆಯೇ ಎಂದು ಅನುಮಾನವಿದ್ದವರು ರಿಸರ್ವ್ ಬ್ಯಾಂಕ್ 2024ರ ಸುತ್ತೋಲೆಯಲ್ಲಿ ಕೊಟ್ಟಿರುವ ಮಾದರಿ ಲೆಕ್ಕವನ್ನೇ ಒರೆಗಲ್ಲಾಗಿ ಬಳಸಬಹುದು. ಅದರಲ್ಲಿ ಸಾಲ 20,000 ರೂ., ಬಡ್ಡಿ ಶೇ 15, ಅವಧಿ 24 ತಿಂಗಳು, ಶುಲ್ಕಗಳು 400 ರೂ., ನಿವ್ವಳ ಮೊತ್ತ 19,600 ರೂ. ಅಲ್ಲಿ ತೋರಿಸಿರುವ ಎಪಿಆರ್ ಶೇ 17.07.

ಈ ನಾಲ್ಕು ಅಂಕಿಗಳನ್ನು ಬಿ1ರಿಂದ ಬಿ4ರವರೆಗೆ ತುಂಬಿದರೆ ಬಿ5ರಲ್ಲಿ 969.73 ರೂ. ಕಂತು, ಬಿ6ರಲ್ಲಿ ಶೇ 17.07 ಬರಬೇಕು. ಬಂದರೆ ಹಾಳೆ ಸರಿಯಿದೆ ಎಂದರ್ಥ. ಕಂತನ್ನು 970 ರೂಪಾಯಿಗೆ ಪೂರ್ಣಾಂಕ ಮಾಡಿ ನೇರವಾಗಿ ತುಂಬಿದರೆ ಶೇ 17.10 ಬರುತ್ತದೆ. ಬ್ಯಾಂಕಿನ ಅಂಕಿಗೂ ಸ್ವಂತ ಲೆಕ್ಕಕ್ಕೂ ಇಷ್ಟು ಸಣ್ಣ ಅಂತರವಿದ್ದರೆ ಕಾರಣ ಬಹುಶಃ ಇಂತಹ ಪೂರ್ಣಾಂಕವೇ ಇರುತ್ತದೆ. ದೊಡ್ಡ ಅಂತರವಿದ್ದರೆ ಯಾವುದೋ ಶುಲ್ಕ ಒಂದು ಕಡೆ ಸೇರಿ ಇನ್ನೊಂದು ಕಡೆ ಬಿಟ್ಟುಹೋಗಿರಬೇಕು. ಅದನ್ನೇ ಬ್ಯಾಂಕಿನಲ್ಲಿ ಕೇಳಬೇಕು.

ಭಾರ ಇರುವುದು ವಿಮೆಯಲ್ಲಿ

ಮೇಲಿನ ಉದಾಹರಣೆಯಲ್ಲಿ ಮೊದಲ ಸಂಸ್ಥೆಯ ಸಾಲದಿಂದ ವಿಮೆಯನ್ನು ಮಾತ್ರ ತೆಗೆದುಹಾಕಿದರೆ ಶುಲ್ಕ 40,000 ರೂಪಾಯಿಗೆ ಇಳಿಯುತ್ತದೆ. ಎಪಿಆರ್ ಶೇ 8.64 ಆಗುತ್ತದೆ. ಅಂದರೆ ಎರಡನೆಯ ಸಂಸ್ಥೆಯ ಶೇ 8.70ಕ್ಕಿಂತ ಇದೇ ಅಗ್ಗ! ಯಾವ ಸಾಲ ಮೇಲು ಎಂಬುದನ್ನು ನಿರ್ಧರಿಸಿದ್ದು ಬಡ್ಡಿಯೂ ಅಲ್ಲ, ಪ್ರೊಸೆಸಿಂಗ್ ಶುಲ್ಕವೂ ಅಲ್ಲ, ಆ ಒಂದು ಲಕ್ಷ ರೂಪಾಯಿಯ ವಿಮೆ.

ವಿಮೆ ವ್ಯರ್ಥವೆಂದು ಇದರ ಅರ್ಥವಲ್ಲ. ದುಡಿಯುವ ವ್ಯಕ್ತಿ ಅಕಾಲದಲ್ಲಿ ತೀರಿಕೊಂಡರೆ ಕುಟುಂಬಕ್ಕೆ ಮನೆ ಉಳಿಯಬೇಕಾದರೆ ರಕ್ಷಣೆ ಬೇಕು. ಆದರೆ ಗೃಹಸಾಲ ಪಡೆಯುವವರು ಜೀವವಿಮೆ ಮಾಡಿಸಲೇಬೇಕೆಂಬ ಕಾನೂನು ಇಲ್ಲ. ನಿರ್ದಿಷ್ಟ ಕಂಪನಿಯ ವಿಮೆಯನ್ನೇ ಕೊಳ್ಳುವಂತೆ ಗ್ರಾಹಕರನ್ನು ಬ್ಯಾಂಕುಗಳು ಬಲವಂತಪಡಿಸಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ. ಅಷ್ಟೇ ಮೊತ್ತದ ಅವಧಿ ವಿಮೆಯನ್ನು ಹೊರಗೆ ಪ್ರತ್ಯೇಕವಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ವಿಚಾರಿಸಿ, ಎರಡನ್ನೂ ಹೋಲಿಸಿ ತೀರ್ಮಾನಿಸುವುದು ಜಾಣತನ.

ಇನ್ನೊಂದು ರೂಢಿಯೂ ಇದೆ. 'ಪ್ರೀಮಿಯಂ ಅನ್ನು ನೀವು ಕೈಯಿಂದ ಕಟ್ಟಬೇಕಾಗಿಲ್ಲ, ಸಾಲಕ್ಕೇ ಸೇರಿಸುತ್ತೇವೆ' ಎನ್ನಲಾಗುತ್ತದೆ. ಆಗ ಸಾಲ 41 ಲಕ್ಷ ರೂ. ಆಗುತ್ತದೆ. ಕಂತು 868 ರೂಪಾಯಿ ಏರಿ 35,581 ರೂ. ಆಗುತ್ತದೆ. ನೋಡಲು ಸಣ್ಣ ಏರಿಕೆ. ಆದರೆ 240 ತಿಂಗಳಿಗೆ ಇದು 2.08 ಲಕ್ಷ ರೂಪಾಯಿ. ಒಂದು ಲಕ್ಷದ ವಿಮೆಗೆ ಎರಡು ಲಕ್ಷ ಕೊಟ್ಟಂತಾಯಿತು. ಈ ಸಂದರ್ಭದಲ್ಲಿ ಹಾಳೆಯ ಬಿ1ರಲ್ಲಿ 41 ಲಕ್ಷ, ಬಿ4ರಲ್ಲಿ 1.40 ಲಕ್ಷ ಎಂದು ತುಂಬಬೇಕು. ಎಪಿಆರ್ ಶೇ 8.98 ಬರುತ್ತದೆ. ಕೈಯಿಂದ ಕಟ್ಟಿದಾಗಿನ ದರಕ್ಕೂ ಇದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ.

ಪ್ರೀಮಿಯಂ ಅನ್ನು ಸಾಲಗಾರರೇ ಚೆಕ್ ಮೂಲಕ ವಿಮಾ ಕಂಪನಿಗೆ ನೇರವಾಗಿ ಕಟ್ಟಿದರೆ ಅದು ಬ್ಯಾಂಕು ವಸೂಲು ಮಾಡಿದ ಶುಲ್ಕವಾಗುವುದಿಲ್ಲ. ಹೀಗಾಗಿ ಬ್ಯಾಂಕಿನ ಹೇಳಿಕೆಯ ಎಪಿಆರ್‌ನಲ್ಲಿ ಅದು ಕಾಣದೇ ಹೋಗಬಹುದು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆ ಇಡುವ ದಾಖಲೆಗೆ ತೆರುವ ಮುದ್ರಾಂಕ ಶುಲ್ಕದ ಮಾತೂ ಹೀಗೆಯೇ. ಸ್ವಂತ ಲೆಕ್ಕದ ಹಾಳೆಯಲ್ಲಿ ಇಂತಹ ಎಲ್ಲವನ್ನೂ ಸೇರಿಸಿಕೊಂಡರೆ ಮಾತ್ರ ಪೂರ್ಣ ಚಿತ್ರ ಸಿಗುತ್ತದೆ.

ಹಬ್ಬದ ರಿಯಾಯಿತಿಯ ಬೆಲೆ

ಹಬ್ಬದ ಋತುವಿನಲ್ಲಿ 'ಪ್ರೊಸೆಸಿಂಗ್ ಶುಲ್ಕ ಪೂರ್ಣ ಮನ್ನಾ' ಎಂಬ ಪ್ರಕಟಣೆಗಳು ಸಾಮಾನ್ಯ. ಇದರ ಬೆಲೆಯನ್ನೂ ಇದೇ ಹಾಳೆಯಿಂದ ತಿಳಿಯಬಹುದು. ಮೊದಲ ಸಂಸ್ಥೆ 23,600 ರೂಪಾಯಿಯನ್ನು ಪೂರ್ತಿ ಬಿಟ್ಟರೆ ಎಪಿಆರ್ ಶೇ 8.99ರಿಂದ 8.91ಕ್ಕೆ ಇಳಿಯುತ್ತದೆ. ಅಂದರೆ 20 ವರ್ಷದ ಸಾಲದಲ್ಲಿ ಆ ಇಡೀ ಮನ್ನಾ ಶೇ 0.08ರಷ್ಟು ಮಾತ್ರ. ಬಡ್ಡಿಯಲ್ಲೇ ಶೇ 0.10 ಕಡಿಮೆ ಮಾಡಿದ್ದರೆ ತಿಂಗಳಿಗೆ 253 ರೂಪಾಯಿಯಂತೆ 20 ವರ್ಷಕ್ಕೆ ಸುಮಾರು 60,660 ರೂ. ಉಳಿಯುತ್ತಿತ್ತು. ಪೂರ್ತಿ ಅವಧಿಯವರೆಗೆ ಸಾಲ ಇಟ್ಟುಕೊಳ್ಳುವವರು ಚೌಕಾಸಿ ಮಾಡಬೇಕಾದದ್ದು ಎಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೇಗ ತೀರಿಸುವವರಿಗೆ ಬೇರೆ ದರ

ಎಪಿಆರ್‌ಗೆ ಒಂದು ಮಿತಿಯಿದೆ. ಸಾಲ 20 ವರ್ಷವೂ ನಡೆಯುತ್ತದೆ ಎಂದುಕೊಂಡೇ ಅದನ್ನು ಲೆಕ್ಕ ಹಾಕಲಾಗುತ್ತದೆ. ಆರಂಭದಲ್ಲಿ ಕಟ್ಟಿದ ಶುಲ್ಕ 240 ತಿಂಗಳಿಗೆ ಹಂಚಿಹೋಗುತ್ತದೆ. ಆದರೆ ಹಳೆಯ ಮನೆ ಮಾರಿ ಹೊಸದು ಕೊಳ್ಳುವವರು, ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವವರು, ನಿವೃತ್ತಿಯ ಹಣದಿಂದ ತೀರಿಸುವವರು ಅವಧಿಗೆ ಮುನ್ನವೇ ಸಾಲ ಮುಗಿಸುತ್ತಾರೆ. ಅದೇ ಶುಲ್ಕ ಆಗ ಕಡಿಮೆ ತಿಂಗಳುಗಳ ಮೇಲೆ ಬೀಳುತ್ತದೆ.

ಐದು ವರ್ಷಕ್ಕೆ ಸಾಲ ತೀರಿಸುವುದಾದರೆ ಎಷ್ಟು ದರ ಬೀಳುತ್ತದೆ ಎಂಬುದನ್ನು ಏಳನೆಯ ಕೋಶದಲ್ಲಿ ಹೀಗೆ ಕೇಳಬಹುದು:

ಬಿ7: =ರೇಟ್(60,-ಬಿ5,ಬಿ1-ಬಿ4,ಎಫ್‌ವಿ(ಬಿ2/12,60,-ಬಿ5,ಬಿ1))*12

ಇಲ್ಲಿ 'ಎಫ್‌ವಿ' ಎಂಬುದು 60 ಕಂತುಗಳ ನಂತರ ಉಳಿಯುವ ಅಸಲನ್ನು ಕಂಡುಹಿಡಿಯುತ್ತದೆ. ಮೊದಲ ಸಂಸ್ಥೆಯ ಸಾಲದಲ್ಲಿ ಐದು ವರ್ಷ ಕಂತು ಕಟ್ಟಿದ ಮೇಲೂ 35.25 ಲಕ್ಷ ರೂ. ಅಸಲು ಬಾಕಿ ಇರುತ್ತದೆ. ಆ ದಿನ ಅದನ್ನು ಪೂರ್ತಿ ತೀರಿಸಿದರೆ ನಿಜ ದರ ಶೇ 9.43ಕ್ಕೆ ಏರುತ್ತದೆ. ಎರಡನೆಯ ಸಂಸ್ಥೆಯ ಸಾಲ ಶೇ 8.75ರಲ್ಲೇ ನಿಲ್ಲುತ್ತದೆ.

ವಿಮೆ ಇಲ್ಲದೆ ಮೊದಲ ಸಂಸ್ಥೆಯಲ್ಲಿ ಸಾಲ ಪಡೆದು ಐದು ವರ್ಷಕ್ಕೆ ತೀರಿಸಿದರೆ ದರ ಶೇ 8.76. ಇಡೀ ಅವಧಿಗೆ ನೋಡಿದಾಗ ಎರಡನೆಯದಕ್ಕಿಂತ ಅಗ್ಗವಾಗಿದ್ದ ಸಾಲ, ಐದು ವರ್ಷದ ಮಟ್ಟಿಗೆ ಅದರೊಂದಿಗೆ ಸಮವಾಯಿತು. ಎಷ್ಟು ವರ್ಷ ಸಾಲ ಇಟ್ಟುಕೊಳ್ಳುವ ಅಂದಾಜಿದೆ ಎಂಬುದನ್ನು ಮೊದಲೇ ಯೋಚಿಸಿ, 60ರ ಜಾಗದಲ್ಲಿ ಆ ತಿಂಗಳುಗಳ ಸಂಖ್ಯೆಯನ್ನು ಹಾಕಿ ನೋಡುವುದು ಒಳ್ಳೆಯದು.

ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಆದೇಶಿಸಿದೆ. ಸ್ಥಿರ ದರದ ಸಾಲವಾದರೆ ಷರತ್ತನ್ನು ಓದಿ, ದಂಡವಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೇ ಕಂತಿನ ವಿಮೆ ಪಡೆದವರು, ಸಾಲ ಬೇಗ ತೀರಿದರೆ ಉಳಿದ ಅವಧಿಯ ಪ್ರೀಮಿಯಂ ಮರಳುತ್ತದೆಯೇ ಎಂಬುದನ್ನು ಪಾಲಿಸಿಯ ನಿಬಂಧನೆಯಲ್ಲಿ ನೋಡಬೇಕು. ಮರಳುವುದಾದರೆ ದರ ಅಷ್ಟರಮಟ್ಟಿಗೆ ಇಳಿಯುತ್ತದೆ.

ಹಂತ ಹಂತವಾಗಿ ಹಣ ಬಂದರೆ

ಕಟ್ಟುತ್ತಿರುವ ಮನೆ ಅಥವಾ ಅಪಾರ್ಟ್‌ಮೆಂಟಿಗೆ ಸಾಲ ಒಂದೇ ಸಲ ಬಿಡುಗಡೆಯಾಗುವುದಿಲ್ಲ. ತಳಪಾಯ, ಛಾವಣಿ ಹೀಗೆ ಕಾಮಗಾರಿ ಮುಗಿದಂತೆ ಹಣ ಬರುತ್ತದೆ. ಆ ತನಕ ಬಿಡುಗಡೆಯಾದ ಮೊತ್ತಕ್ಕೆ ಬಡ್ಡಿಯನ್ನಷ್ಟೇ ಕಟ್ಟುವ ಪದ್ಧತಿ ಇದೆ. ಇಲ್ಲಿ 'ರೇಟ್' ಫಾರ್ಮುಲಾ ಸಾಲದು.

ಅಂತಹವರು ಒಂದು ಸಾಲಿನಲ್ಲಿ ದಿನಾಂಕಗಳನ್ನೂ ಪಕ್ಕದಲ್ಲಿ ಮೊತ್ತಗಳನ್ನೂ ಬರೆಯಬೇಕು. ಬ್ಯಾಂಕಿನಿಂದ ಬಂದ ಹಣಕ್ಕೆ ಕೂಡುವ ಚಿಹ್ನೆ, ಕಟ್ಟಿದ ಬಡ್ಡಿ, ಕಂತು ಹಾಗೂ ಶುಲ್ಕಗಳಿಗೆ ಕಳೆಯುವ ಚಿಹ್ನೆ. ಕೊನೆಯಲ್ಲಿ 'ಎಕ್ಸ್‌ಐಆರ್‌ಆರ್' ಎಂಬ ಫಾರ್ಮುಲಾವನ್ನು ಬಳಸಬೇಕು.

ಆದರೆ ಒಂದು ಎಚ್ಚರಿಕೆ. 'ಎಕ್ಸ್‌ಐಆರ್‌ಆರ್' ಕೊಡುವುದು ಚಕ್ರಬಡ್ಡಿ ಸೇರಿದ ವಾರ್ಷಿಕ ದರ. ರಿಸರ್ವ್ ಬ್ಯಾಂಕಿನ ಮಾದರಿಯ ಲೆಕ್ಕದಲ್ಲಿ ಬರುವ ಶೇ 8.99 ಎಂಬುದು ಈ ಬಗೆಯಲ್ಲಿ ಶೇ 9.37 ಎಂದು ಕಾಣುತ್ತದೆ. ಸಾಲ ಒಂದೇ, ಅಳೆಯುವ ಕೋಲು ಬೇರೆ. ಅಮೆರಿಕದಲ್ಲಿ ತಿಂಗಳ ದರವನ್ನು 12ರಿಂದ ಗುಣಿಸುವ ಪದ್ಧತಿಯಿದ್ದರೆ, ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಚಕ್ರಬಡ್ಡಿ ಸೇರಿದ ದರವನ್ನೇ ಘೋಷಿಸುತ್ತಾರೆ. ಹೋಲಿಸುವ ಮುನ್ನ 'ನಾಮಿನಲ್' ಎಂಬ ಫಾರ್ಮುಲಾಗೆ ಆ ದರವನ್ನೂ 12 ಎಂಬ ಅಂಕಿಯನ್ನೂ ಕೊಟ್ಟು ಪರಿವರ್ತಿಸಿಕೊಳ್ಳಬೇಕು.

ಎಡವುವುದು ಎಲ್ಲಿ?

* ಬಿ3ರಲ್ಲಿ 240ರ ಬದಲು 20 ಎಂದು ವರ್ಷಗಳನ್ನು ತುಂಬುವುದು. ಕಂತು ಎರಡು ಲಕ್ಷ ರೂಪಾಯಿ ದಾಟಿ ಕಂಡರೆ ಕಾರಣ ಇದೇ.
* ಬಡ್ಡಿಯನ್ನು ಶೇಕಡ ಚಿಹ್ನೆ ಇಲ್ಲದೆ 8.5 ಎಂದಷ್ಟೇ ಬರೆಯುವುದು. ಚಿಹ್ನೆ ಹಾಕಬೇಕು, ಇಲ್ಲವೇ 0.085 ಎಂದು ಬರೆಯಬೇಕು.
* ಕಳೆಯುವ ಚಿಹ್ನೆಯನ್ನು ಮರೆಯುವುದು. ಬಂದ ಹಣ ಮತ್ತು ಹೋಗುವ ಹಣ ವಿರುದ್ಧ ಚಿಹ್ನೆಗಳಲ್ಲಿ ಇಲ್ಲದಿದ್ದರೆ ಫಾರ್ಮುಲಾ ದೋಷ ಸೂಚನೆ ತೋರಿಸುತ್ತದೆ.
* ಬಿ6ರಲ್ಲಿ 9% ಎಂದಷ್ಟೇ ಕಾಣುವುದು. ಕೋಶದ ನಮೂನೆಯನ್ನು ಎರಡು ದಶಮಾಂಶಕ್ಕೆ ಬದಲಾಯಿಸಿದರೆ 8.99% ಕಾಣುತ್ತದೆ.
* ಶುಲ್ಕದ ಮೇಲಿನ ಜಿಎಸ್‌ಟಿಯನ್ನು ಬಿಟ್ಟುಬಿಡುವುದು.

ಬಡ್ಡಿ ಬದಲಾದರೆ ಎಪಿಆರ್ ಕೂಡ ಬದಲಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಬದಲಾಗುವ ದರದ ಹೊಸ ಗೃಹಸಾಲಗಳು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಗೊಂಡಿವೆ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ನಾಲ್ಕು ಬಾರಿ ಇಳಿಸಿ ಶೇ 6.50ರಿಂದ 5.25ಕ್ಕೆ ತಂದಿತು. ಮಂಜೂರಾತಿಯ ದಿನ ಕೊಟ್ಟ ಎಪಿಆರ್ ಆ ದಿನದ ದರಕ್ಕೆ ಮಾತ್ರ ಅನ್ವಯಿಸುತ್ತದೆ. ಎರಡು ಸಾಲಗಳನ್ನು ಹೋಲಿಸುವಾಗ ಎರಡೂ ಬದಲಾಗುವ ದರದವೋ, ಒಂದು ಸ್ಥಿರ ದರದ್ದೋ ಎಂಬುದನ್ನು ನೋಡಿಕೊಳ್ಳಬೇಕು.

ನಿಯಮ ತಲುಪದ ಕಡೆ

ರಾಜ್ಯದ ಪಟ್ಟಣಗಳಲ್ಲಿ ಅನೇಕರು ಮನೆ ಕಟ್ಟಲು ಪತ್ತಿನ ಸಹಕಾರ ಸಂಘಗಳನ್ನೂ ಸೌಹಾರ್ದ ಸಹಕಾರಿಗಳನ್ನೂ ನೆಚ್ಚಿಕೊಂಡಿದ್ದಾರೆ. ಇವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯ ಅಡಿಯಲ್ಲಿ ನೋಂದಾಯಿತವಾದವು. ಸಹಕಾರಿ ಬ್ಯಾಂಕುಗಳಂತೆ ಇವು ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಡುವುದಿಲ್ಲ. ಹೀಗಾಗಿ ಪ್ರಮುಖ ಅಂಶಗಳ ಹೇಳಿಕೆಯ ನಿಯಮ ಅವುಗಳಿಗೆ ಅನ್ವಯಿಸದು. ಷೇರು ಹಣ, ಪ್ರವೇಶ ಶುಲ್ಕ ಮೊದಲಾದವನ್ನು ಸಾಲದಿಂದಲೇ ಹಿಡಿದುಕೊಳ್ಳುವ ಪರಿಪಾಠ ಇರುವಲ್ಲಿ ಸಾಲಗಾರರು ತಾವೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ. ಷೇರು ಹಣ ಸಾಲ ತೀರಿದ ಮೇಲೆ ಮರಳುವುದಾದರೆ ಅದನ್ನು ಶುಲ್ಕವೆಂದು ಪೂರ್ತಿ ಕಳೆಯಬಾರದು. ಕೊನೆಯಲ್ಲಿ ಮರಳಿ ಬರುವ ಹಣವೆಂದು ತೋರಿಸಬೇಕು.

ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯಾಪ್ತಿಯ ಸಂಸ್ಥೆಯೊಂದು ಹೇಳಿಕೆ ಕೊಡದಿದ್ದರೆ ಅಥವಾ ಅದರಲ್ಲಿಲ್ಲದ ಶುಲ್ಕ ಕಡಿದುಕೊಂಡರೆ ಮೊದಲು ಆ ಸಂಸ್ಥೆಗೇ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೊರೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಮನೆ ಕೊಳ್ಳುವ ಅವಸರದಲ್ಲಿ ಹತ್ತಾರು ಪುಟಗಳ ಕರಾರುಪತ್ರಕ್ಕೆ ಸಾಲು ಸಾಲಾಗಿ ಸಹಿ ಹಾಕುವುದು ಎಲ್ಲೆಡೆ ಕಾಣುವ ದೃಶ್ಯ. ಅದಕ್ಕೂ ಮುನ್ನ ದೊರೆಯುವ ಮೂರು ಕೆಲಸದ ದಿನಗಳಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಎರಡು ಮೂರು ಸಂಸ್ಥೆಗಳಿಂದ ಹೇಳಿಕೆಗಳನ್ನು ಪಡೆಯಬೇಕು. ಎಲ್ಲವನ್ನೂ ಒಂದೇ ಮೊತ್ತಕ್ಕೆ, ಒಂದೇ ಅವಧಿಗೆ ತಂದು ಆರು ಕೋಶಗಳಲ್ಲಿ ತುಂಬಬೇಕು. ಬಂದ ಅಂಕಿಯನ್ನು ಹಿಡಿದು ಮತ್ತೆ ಬ್ಯಾಂಕಿಗೆ ಹೋಗಿ 'ವಿಮೆ ಬೇಡ, ಶುಲ್ಕ ಇಳಿಸಿ, ಬಡ್ಡಿ ಕಡಿಮೆ ಮಾಡಿ' ಎಂದು ಕೇಳಿದರೆ, ಆ ಮಾತಿಗೆ ಲೆಕ್ಕದ ಬಲವಿರುತ್ತದೆ.